ನಡುವಿನ ಅಂಕಿಗಳು

ತೂಕ ಹಾಕಿದಷ್ಟೂ ಕಂಬಿ ಬಾಗುತ್ತದೆ. ಇದರಲ್ಲಿ ಹೊಸದಾಗಿ ಕಂಡುಹಿಡಿಯುವಂಥದ್ದೇನೂ ಇಲ್ಲ, ಅವಳ ಹಿಂದಿನ ವರ್ಷದವರ ಕಂಬಿಯೂ ಬಾಗಿತ್ತು, ಅವರ ಹಿಂದಿನವರದೂ ಬಾಗಿತ್ತು, ಆದರೂ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿಗೆ ಬಂದು ಅದೇ ಕಂಬಿಯನ್ನು ಮತ್ತೆ ಬಾಗಿಸಿ ಬರೆಯಬೇಕು. ಅವಳು ಕೊಕ್ಕೆಗೆ ಮೊದಲ ತೂಕ ತೂಗುಹಾಕಿ, ಡಯಲಿನ ಮುಳ್ಳು ನಡುಗುವುದು ನಿಲ್ಲುವವರೆಗೂ ಕಾದು, ಓದಿ ಬರೆದುಕೊಂಡಳು. ಆಮೇಲೆ ಒಮ್ಮೆಲೇ ಕೊನೆಯ ತೂಕ. ನಡುವಿನ ಆರನ್ನು ಯಾರೂ ತೂಗುಹಾಕುವುದಿಲ್ಲ. ಮೊದಲನೆಯದು ಗೊತ್ತು, ಕೊನೆಯದು ಗೊತ್ತು, ನಡುವಿನದನ್ನು ಕೂತಲ್ಲೇ ತುಂಬುವುದು ಆ ಲ್ಯಾಬಿನಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ, ಮತ್ತು ಇಡೀ ತರಗತಿಯಲ್ಲಿ ಅದಕ್ಕೆ ಅವಳದೇ ಪಳಗಿದ ಕೈ. ಅಂಕಿಗಳು ತೀರ ನೇರವಾಗಿ ಬಂದರೆ ಮೇಷ್ಟರಿಗೆ ಅನುಮಾನ. ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ಕಡೆ ಒಂದಿಷ್ಟು ಕಮ್ಮಿ, ಒಂದೇ ಒಂದನ್ನು ಹೊಡೆದುಹಾಕಿ ಪಕ್ಕದಲ್ಲಿ ತಿದ್ದಿ ಬರೆದಿರಬೇಕು. ಆಗ ನಿಜದ ವಾಸನೆ ಬರುತ್ತದೆ. ಜೊತೆಗಾರ್ತಿ ಪುಸ್ತಕ ಮುಂದಿಟ್ಟುಕೊಂಡು ಕೇಳಿದಳು, "ನಾಲ್ಕನೇದಕ್ಕೆ ಏನು ಹಾಕ್ಲಿ?" "ಒಂದು ಪಾಯಿಂಟ್ ಎರಡು ಏಳು. ಬೇಡ, ಎರಡು ಒಂಬತ್ತು ಹಾಕು. ಸ್ವಲ್ಪ ತಪ್ಪಿರಲಿ." ಹೀಗೆ ಹೇಳುವಾಗ ಅವಳಿಗೆ ಒಂದು ಬಗೆಯ ಹೆಮ್ಮೆಯೇ ಆಗುತ್ತಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಬಾಗಿಲಲ್ಲಿ ಕಚೇರಿಯ ಅಟೆಂಡರಮ್ಮ ನಿಂತು, ಕ್ಷೇಮ ವಿಭಾಗದ ಮೇಡಂ ಕರೆಯುತ್ತಿದ್ದಾರೆ, ಈಗಲೇ ಬರಬೇಕಂತೆ ಎಂದಳು. ಜೊತೆಗಾರ್ತಿ ತಲೆ ಎತ್ತದೆ, "ನಿನ್ ಡ್ರಾಫ್ಟರ್ ಹುಡ್ಗಿ ವಿಷ್ಯಕ್ಕೇ ಇರ್ಬೇಕು. ನಿನ್ನೆ ವರ್ಕ್‌ಶಾಪಲ್ಲಿ ಬಿದ್ಲಂತಲ್ಲ," ಎಂದಳು. ಅವಳ ಬಾಯಿ ತನ್ನ ಪಾಡಿಗೆ ತಾನು, "ಹ್ಞೂ, ಗೊತ್ತು," ಎಂದುಬಿಟ್ಟಿತು. ಗೊತ್ತಿರಲಿಲ್ಲ. ಇಡೀ ಹಾಸ್ಟೆಲಿಗೆ ಗೊತ್ತಿದ್ದದ್ದು, ವಾರಾವಾರ ಆ ಹುಡುಗಿಯ ಯೋಗಕ್ಷೇಮ ನೋಡಿ ಹಾಳೆ ತುಂಬಬೇಕಾದ ಅವಳೊಬ್ಬಳಿಗೇ ಗೊತ್ತಿರಲಿಲ್ಲ. ಕಾರಿಡಾರಿನಲ್ಲಿ ನಡೆಯುವಾಗ ಚಪ್ಪಲಿಯ ಸದ್ದು ತನ್ನದಲ್ಲ ಅನ್ನಿಸಿತು. ನಿನ್ ಡ್ರಾಫ್ಟರ್. ಎಂಟು ವಾರದಲ್ಲಿ ಅವಳನ್ನು ತನ್ನವಳು ಅಂದುಕೊಂಡದ್ದು ಎಷ್ಟು ಸಲ ಎಂದು ಎಣಿಸಹೊರಟು, ಎಣಿಸಲು ಏನೂ ಇಲ್ಲದೆ ಸುಮ್ಮನಾದಳು.

ಎಂಜಿನಿಯರಿಂಗಿಗೆ ಹೊಸದಾಗಿ ಬಂದ ಪ್ರತಿ ಹುಡುಗಿಗೂ ಮೂರನೇ ವರ್ಷದ ಒಬ್ಬಳು ಅಕ್ಕ ಎಂದು ಕಾಲೇಜು ಗೊತ್ತುಮಾಡಿತ್ತು. ಅಕ್ಕನಾದವಳು ವಾರಕ್ಕೊಮ್ಮೆ ತಂಗಿಯ ಕೋಣೆಗೆ ಹೋಗಿ, ಅರ್ಧ ಗಂಟೆ ಕೂತು, ಐದು ಪ್ರಶ್ನೆ ಕೇಳಿ, ಹಾಳೆ ತುಂಬಿ ಕೊಡಬೇಕು: ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತಿದೆಯೇ, ತರಗತಿ ತಪ್ಪಿಸಿದ್ದಾಳೆಯೇ, ಗೆಳತಿಯರು ಸಿಕ್ಕಿದ್ದಾರೆಯೇ, ಕಷ್ಟ ಬಂದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ. ಮೊದಲ ವಾರ ಅವಳು ಹೋಗಿದ್ದಳು, ಅದು ನಿಜ. ಮೂರು ಮಂಚದ ಕೋಣೆ, ಬಾಗಿಲ ಪಕ್ಕದ ಮಂಚ ಈ ಹುಡುಗಿಯದು, ತಲೆದಿಂಬಿನ ಪಕ್ಕದಲ್ಲಿ ನಕ್ಷೆ ಎಳೆಯುವ ಡ್ರಾಫ್ಟರು. ಯಾರಾದರೂ ಕದ್ದುಬಿಟ್ಟರೆ ಎಂದು ಅದನ್ನು ಊಟದ ಮನೆಗೂ ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದುದರಿಂದ ಎರಡೇ ದಿನದಲ್ಲಿ ಆ ಹೆಸರು ಅಂಟಿತ್ತು. ಇದ್ದ ಒಂದು ಕುರ್ಚಿಯನ್ನು ಅಕ್ಕನಿಗೆ ಕೊಟ್ಟು ಹುಡುಗಿ ನಿಂತೇ ಇದ್ದಳು. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಕೇಳಬೇಕಾದ ಪ್ರಶ್ನೆಗಳು, ಒಂದರ ಕೆಳಗೊಂದು. ಲೈಬ್ರರಿ ಎಷ್ಟು ಗಂಟೆಗೆ ಮುಚ್ಚುತ್ತಾರೆ. ಮುಂದಿನ ಸಾಲಲ್ಲಿ ಕೂತರೆ ಬೈತಾರಾ. ಕೊನೆಯದನ್ನು ಓದಲು ನಾಚಿ, ಚೀಟಿಯನ್ನೇ ಅವಳ ಕೈಗಿತ್ತಳು: ವರ್ಕ್‌ಶಾಪ್ ಕಟ್ಟಡದಲ್ಲಿ ಹುಡುಗಿಯರ ಟಾಯ್ಲೆಟ್ ಎಲ್ಲಿದೆ? ಅವಳು ನಕ್ಕಿದ್ದಳು. "ಅಲ್ಲಿಲ್ಲ ಕಣೆ. ಎರಡು ಬಿಲ್ಡಿಂಗ್ ದಾಟಿ ಬರ್ಬೇಕು, ಮೇಷ್ಟ್ರು ಬಿಡಲ್ಲ. ನಾವೆಲ್ಲ ಏನ್ ಮಾಡ್ತೀವಿ ಗೊತ್ತಾ? ಅವತ್ತು ನೀರೇ ಕುಡಿಯಲ್ಲ." ಹುಡುಗಿ ಚೀಟಿ ಇಸಿದುಕೊಂಡು ಆ ಪ್ರಶ್ನೆಯ ಮುಂದೆ ಉತ್ತರವನ್ನು ಬರೆದುಕೊಂಡಿದ್ದಳು, ನೀಟಾಗಿ.

ಎರಡನೇ ವಾರ ಟೆಸ್ಟುಗಳಿದ್ದವು. ಮೂರನೇ ವಾರ, ಹೋದ ವಾರ ಹೋಗಲಿಲ್ಲವಲ್ಲ ಎಂಬ ಸಂಕೋಚ. ನಾಲ್ಕನೇ ವಾರ ಆ ಸಂಕೋಚಕ್ಕೇ ಒಂದು ಸಂಕೋಚ. ಹೀಗೆ ಹೇಳಿದರೆ ಎಲ್ಲ ಸಲೀಸಾಗಿ ಕಾಣುತ್ತದೆ, ಆದರೆ ಅವಳಿಗೆ ಗೊತ್ತಿತ್ತು, ಅದಿಷ್ಟೇ ಅಲ್ಲ. ಆ ಕೋಣೆಯಲ್ಲಿ ಒಂದು ವಾಸನೆ ಇತ್ತು, ಹೊಸ ಟ್ರಂಕಿನದು, ಒಣಗದ ಟವೆಲಿನದು, ಅತ್ತು ತೊಳೆದುಕೊಂಡ ಮುಖದ ಸೋಪಿನದು. ಎರಡು ವರ್ಷದ ಹಿಂದೆ ಅವಳ ಮೈಯಿಂದಲೂ ಅದೇ ವಾಸನೆ ಬರುತ್ತಿತ್ತು. ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುವಾಗ ಮೇಷ್ಟರು ಬಂದು, ಬಿಡಮ್ಮ, ನಿನ್ನ ಕೈಲಾಗೋದಲ್ಲ ಎಂದು ಅರವನ್ನು ಕಿತ್ತುಕೊಂಡು ತಾವೇ ಉಜ್ಜಿ, ಐವತ್ತು ಹುಡುಗರೆದುರಿಗೆ ಆ ತುಂಡನ್ನು ಅವಳ ಕೈಯಲ್ಲಿಟ್ಟು, ತಗೋ, ನಿಂದೇ ಅಂತ ತೋರಿಸು ಎಂದಿದ್ದರು. ಅವಳು ತೋರಿಸಿದ್ದಳು. ಮಾರ್ಕೂ ಬಂದಿತ್ತು. ಯಾವ ಅಕ್ಕನೂ ಇರಲಿಲ್ಲ, ಆದರೂ ಏಗಿಕೊಂಡು ಬಂದಳು. ಹಾಗಾದರೆ ಇವಳೇನು ಮೇಲಿಂದ ಉದುರಿದ್ದಾಳಾ, ಇವಳೂ ಏಗಲಿ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಇಷ್ಟು ಬಿಡಿಸಿ ಹೇಳಿಕೊಂಡಿರಲಿಲ್ಲ. ಹಾಳೆಗಳನ್ನು ಮಾತ್ರ ತಪ್ಪದೆ ತುಂಬಿದಳು, ಶನಿವಾರ ಬೆಳಿಗ್ಗೆ, ಬಟ್ಟೆ ನೆನೆಹಾಕಿ ಬಂದು. ನಿದ್ದೆ ಆರೂವರೆ, ಏಳು, ಆರು. ಪರೀಕ್ಷೆಯ ವಾರ ಐದೂವರೆ, ಪಕ್ಕದಲ್ಲಿ: ಸ್ವಲ್ಪ ಆತಂಕ, ಸಹಜ. ನಾಲ್ಕನೇ ವಾರ ಹುಡುಗಿಗೆ ಒಬ್ಬ ಗೆಳತಿಯನ್ನೂ ಕೊಟ್ಟಳು, ಲೈಬ್ರರಿಯಲ್ಲಿ ಪರಿಚಯವಾದವಳು, ಒಟ್ಟಿಗೆ ಓದುತ್ತಾರೆ. ಅದನ್ನು ಬರೆದಾಗ ಖುಷಿಯಾಗಿತ್ತು, ಪಾಪ, ಒಳ್ಳೆಯದಾಯಿತು ಎಂದು.

ಆರನೇ ವಾರ ಊಟದ ಮನೆಯಲ್ಲಿ ಹುಡುಗಿಯನ್ನು ಕಂಡದ್ದು ನೆನಪಾಗಿ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಕಿಟಕಿಯ ಪಕ್ಕದ ಉದ್ದ ಮೇಜು, ಆ ತುದಿಯಲ್ಲಿ ಹುಡುಗಿ ಒಬ್ಬಳೇ, ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ, ಪಕ್ಕದ ಖಾಲಿ ಕುರ್ಚಿಯ ಮೇಲೆ ಡ್ರಾಫ್ಟರು, ಯಾರಿಗೋ ಜಾಗ ಹಿಡಿದಿಟ್ಟ ಹಾಗೆ. ತಲೆ ಎತ್ತಿ ನೋಡಿ, ಗುರುತು ಹಿಡಿದು, ಕೈ ಅರ್ಧ ಮೇಲೆತ್ತಿದ್ದಳು. ಅವಳು ಕಾಣದವಳಂತೆ ಫೋನು ನೋಡುತ್ತ ಆಚೆ ಸಾಲಿಗೆ ತಿರುಗಿದಳು. ಫೋನಿನಲ್ಲಿ ಏನೂ ಇರಲಿಲ್ಲ. ಅದಾಗಿ ಎರಡು ದಿನಕ್ಕೆ ಬಂದ ಶನಿವಾರ ಹಾಳೆಯಲ್ಲಿ ಬರೆದಳು: ಊಟ ಚೆನ್ನಾಗಿ ಸೇರುತ್ತಿದೆ. ಕಾಣದ್ದನ್ನು ಕಂಡೆನೆಂದು ಬರೆದದ್ದು ಒಂದು ತಪ್ಪು. ಕಂಡದ್ದನ್ನು ಕಾಣಲಿಲ್ಲವೆಂದು ಬರೆದದ್ದಕ್ಕೆ ಏನೆನ್ನಬೇಕೋ ಅವಳಿಗೆ ಹೊಳೆಯಲಿಲ್ಲ.

ಕ್ಷೇಮ ವಿಭಾಗದ ಸಲಹೆಗಾರ್ತಿಯ ಕೋಣೆಯಲ್ಲಿ ಎರಡು ಮೆತ್ತನೆಯ ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ, ಮೇಜಿನ ಮೇಲೆ ಬಿಚ್ಚಿಟ್ಟ ಫೈಲು. ದೂರದಿಂದಲೇ ತನ್ನ ಅಕ್ಷರ ಗುರುತು ಹತ್ತಿತು.

"ಕೂತ್ಕೊಮ್ಮ. ಮುಖ ಯಾಕೆ ಹೀಗಾಗಿದೆ, ನಿಂದೇನೂ ತಪ್ಪಿಲ್ಲ. ಹುಡುಗಿ ಆರಾಮಾಗಿದಾಳೆ, ಡ್ರಿಪ್ ಹಾಕಿದಾರೆ. ಸರಿಯಾಗಿ ತಿಂದಿಲ್ಲ, ನಿದ್ದೆ ಇಲ್ಲ, ನಿನ್ನೆಯಂತೂ ಬೆಳಗಿಂದ ಒಂದು ಹನಿ ನೀರು ಕುಡಿದಿಲ್ಲವಂತೆ. ಯಾಕಮ್ಮ ಅಂತ ನರ್ಸ್ ಕೇಳಿದ್ರೆ, ವರ್ಕ್‌ಶಾಪ್ ಇತ್ತಲ್ಲ ಅಂದ್ಲಂತೆ. ಅರ್ಥಾನೇ ಆಗ್ಲಿಲ್ಲ ಅವರಿಗೆ."

ಅವಳಿಗೆ ಅರ್ಥವಾಯಿತು.

"ನೋಡು, ಅರವತ್ತು ಜನ ಅಕ್ಕಂದಿರು, ಅದ್ರಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆಯೋಳು ನೀನೊಬ್ಳೇ. ಉಳಿದವರದ್ದೆಲ್ಲ ಕಾಟಾಚಾರ, ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ. ನಿಂದ್ರಲ್ಲಿ ಏರಿಳಿತ ಇದೆ. ಅದಕ್ಕೇ ನಂಬಿದೆ ನಾನು." ಸಲಹೆಗಾರ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಅವರಿಗೂ ನಿದ್ದೆಯಾದಂತಿರಲಿಲ್ಲ. "ಆರನೇ ವಾರ ಇವಳೇ ನನ್ನ ಹತ್ರ ಬಂದಿದ್ಲು ಗೊತ್ತಾ. ನಿದ್ದೆ ಬರ್ತಿಲ್ಲ ಮೇಡಂ, ಊಟ ಸೇರ್ತಿಲ್ಲ ಅಂತ. ನಾನು ಫೈಲ್ ತೆಗೆದೆ. ನಿಮ್ಮಕ್ಕ ವಾರಾವಾರ ನೋಡಿ ಬರೀತಿದಾಳಲ್ಲಮ್ಮ, ನೀನೇ ಓದು ಅಂತ ಕೈಗೆ ಕೊಟ್ಟೆ. ಎಲ್ಲಾ ಓದಿದ್ಲು. ಏನೂ ಮಾತಾಡ್ಲಿಲ್ಲ. ಒಂದು ತಿಂಗಳು ಬಿಟ್ಟು ಬಾ ಅಂದೆ. ನನ್ನ ಬಾಗಿಲಲ್ಲಿ ಇನ್ನೂ ಹನ್ನೆರಡು ಜನ ಅಳ್ತಾ ನಿಂತಿದ್ರು."

ಈಗ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಸಲಹೆಗಾರ್ತಿ ಆಗಲೇ ಮುಂದಕ್ಕೆ ಹೋಗಿದ್ದರು: ಮೂರು ಗಂಟೆಗೆ ಡೀನ್ ಕೋಣೆಯಲ್ಲಿ ಸಭೆ, ಹುಡುಗಿಯ ಚಿಕ್ಕಮ್ಮ ಬಂದಿದ್ದಾರೆ, ಈ ವರ್ಷಕ್ಕೆ ಓದು ಬಿಡಿಸಿ ಮನೆಗೆ ಕಳಿಸುವುದೆಂದು ಡೀನ್ ಯೋಚನೆ. "ನಮ್ಮ ಕಡೆಯಿಂದ ಆಗೋದೆಲ್ಲ ಮಾಡಿದೀವಿ, ಅವಳೇ ಮುಚ್ಚಿಟ್ಟಳು ಅಂತ ಫೈಲೇ ಹೇಳುತ್ತೆ. ನೀನು ಬಂದು, ಹೌದು, ವಾರಾವಾರ ನೋಡಿದೀನಿ ಅಂತ ಒಂದು ಮಾತು ಹೇಳಿದ್ರೆ ಸಾಕು. ಒಂಬತ್ತನೇ ವಾರದ ಹಾಳೆನೂ ಅಲ್ಲೇ ತುಂಬಿ ಕೊಟ್ಬಿಡು, ಫೈಲ್ ಪೂರ್ತಿಯಾಗುತ್ತೆ."

"ಅವಳಿಗೆ ಹೋಗೋಕೆ ಇಷ್ಟ ಇದೆಯಾ ಮೇಡಂ?"

"ಎಲ್ಲಿ. ಇರ್ತೀನಿ ಅಂತ ಒಂದೇ ಹಟ. ಮನೇಲಿ ಇವಳ ಓದಿಗೆ ಒಪ್ಪಿಸಿದ್ದೇ ದೊಡ್ಡ ಕತೆಯಂತೆ. ಒಂದ್ಸಲ ವಾಪಸ್ ಹೋದ್ರೆ ಅವರಪ್ಪ ಮತ್ತೆ ಕಳಿಸೋದಿಲ್ಲ ಅಂತಾರೆ ಚಿಕ್ಕಮ್ಮ. ಆದ್ರೆ ಹೀಗೆ ಮುಚ್ಚಿಡೋ ಹುಡುಗೀನ ನಾವು ಯಾವ ಧೈರ್ಯದ ಮೇಲೆ ಇಟ್ಕೊಳ್ಳೋದು, ನೀನೇ ಹೇಳು."

ಅವಳು ಹೊರಗೆ ಬಂದು ನಲ್ಲಿಯ ಮುಂದೆ ನಿಂತು, ಒಂದು ಲೋಟ ನೀರು ತುಂಬಿಸಿ, ಕುಡಿಯದೆ ಚೆಲ್ಲಿ, ಮತ್ತೆ ತುಂಬಿಸಿ ಕುಡಿದಳು. ಮನಸ್ಸು ಕೂತಲ್ಲಿ ಕೂರದೆ ಲೆಕ್ಕ ಹಾಕುತ್ತಿತ್ತು: ಹೇಳಿದರೆ ಬೇಸಿಗೆಯ ತರಬೇತಿಗೆ ಮೇಡಂ ಕೊಡಬೇಕಾದ ಶಿಫಾರಸು ಪತ್ರ ಹೋಯಿತು, ಅಮ್ಮನಿಗೆ ಫೋನು ಹೋಗುತ್ತದೆ, ಲ್ಯಾಬಿನ ಪುಸ್ತಕಗಳನ್ನೂ ಬಿಚ್ಚಿ ನೋಡಿದರೆ ಜೊತೆಗಾರ್ತಿಯೂ ಮುಳುಗುತ್ತಾಳೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಹುಡುಗಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುತ್ತಾಳೆ, ಅದೂ ಒಳ್ಳೆಯದೇ ಅಲ್ಲವೇ. ಹೀಗೆ ಯೋಚಿಸಿದ ತನ್ನನ್ನೇ ಅವಳು ಎರಡು ಹೆಜ್ಜೆ ಆಚೆ ನಿಂತು ನೋಡಿದಳು, ಮತ್ತು ಥೂ ಎನ್ನಿಸಿತು.

ಚಿಕಿತ್ಸಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸು, ಹೊಲಿಗೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದವರಂತೆ ಸೆರಗಿನ ತುಂಬ ಬಣ್ಣಬಣ್ಣದ ದಾರದ ಚೂರು, ಅವಳನ್ನು ಕಂಡು ಎದ್ದು ನಿಂತರು. "ನೀವೇನಾ ಅಕ್ಕ?" ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳನ್ನು ಅಕ್ಕ ಎಂದದ್ದು ತಮಾಷೆಯಾಗಿರಬೇಕಿತ್ತು. ಎರಡೂ ಕೈ ಹಿಡಿದುಕೊಂಡರು. "ನಾನು ಅವಳ ಚಿಕ್ಕಮ್ಮ. ಪ್ರತಿ ಭಾನುವಾರ ಫೋನಲ್ಲಿ ಹೇಳ್ತಿದ್ಲು, ಚಿಂತೆ ಮಾಡ್ಬೇಡ ಚಿಕ್ಕಮ್ಮ, ನಂಗೊಬ್ರು ಅಕ್ಕ ಇದಾರೆ, ವಾರಾವಾರ ರೂಮಿಗೆ ಬರ್ತಾರೆ, ಗಂಟೆಗಟ್ಲೆ ಕೂತು ಮಾತಾಡ್ತಾರೆ ಅಂತ. ನೀವಿಲ್ದಿದ್ರೆ ಏನಾಗ್ತಿತ್ತೋ ತಾಯಿ." ಸೂಜಿ ಚುಚ್ಚಿ ಗಟ್ಟಿಯಾದ ಅವರ ಬೆರಳುಗಳು ಅವಳ ಅಂಗೈಗೆ ಒರಟೊರಟಾಗಿ ತಾಗಿದವು. ಹುಡುಗಿಯೂ ಇಲ್ಲದ್ದನ್ನು ತುಂಬಿದ್ದಾಳೆ, ಅವಳಿಗೆ ಹೊಳೆಯಿತು, ಭಾನುವಾರ ಭಾನುವಾರ, ಅತ್ತಕಡೆಯಿಂದ. ಕೈ ಬಿಡಿಸಿಕೊಳ್ಳಲು ಒಂದು ನೆಪ ಬೇಕಾಗಿ, ಒಳಗೆ ಹೋಗಿ ನೋಡ್ತೀನಿ ಎಂದಳು.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಎಂಟು ವಾರದಲ್ಲಿ ಮುಖ ಇಷ್ಟಾಗಿತ್ತು, ಕೆನ್ನೆಯ ಮೂಳೆಯೇ ಮುಂದೆ ಬಂದಿತ್ತು. ಬಿದ್ದಾಗ ಬೆಂಚಿನ ಅಂಚು ತಾಗಿ ಹುಬ್ಬಿನ ಮೇಲೆ ಪಟ್ಟಿ. ಅಭ್ಯಾಸಬಲದಿಂದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಅಕ್ಕ," ಎಂದಳು. ಅವಳು ಕೂರಲಿಲ್ಲ. ಈ ಸಲ ನಿಂತಿರುವ ಸರದಿ ತನ್ನದು ಎನ್ನಿಸಿತು.

"ನಾನು ಆವತ್ತು ನೀರಿನ ವಿಷಯ ಹೇಳಿದ್ದು..."

"ನೀವು ಹೇಳಿದ್ದು ಸರಿಯಾಗೇ ಇತ್ತು ಅಕ್ಕ. ಮೊದ್ಲೆರಡು ಸಲ ಏನೂ ತೊಂದ್ರೆ ಆಗ್ಲಿಲ್ಲ."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಆ ಹಾಳೆಗಳು," ಎಂದಳು ಅವಳು, "ನೀನು ಓದಿದೆಯಂತೆ."

"ಓದಿದೆ." ಹುಡುಗಿ ಕೈಗೆ ಚುಚ್ಚಿದ್ದ ಸೂಜಿಯ ಮೇಲಿನ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತ, ಕೂರಿಸುತ್ತ ಹೇಳಿದಳು. "ಮೊದ್ಲು ಸಿಟ್ಟು ಬಂತು. ಆಮೇಲೆ, ಎಷ್ಟು ಚೆನ್ನಾಗಿದಾಳಲ್ಲ ಇವ್ಳು ಅನ್ನಿಸ್ತು. ಆರೂವರೆ ಗಂಟೆ ನಿದ್ದೆ ಮಾಡ್ತಾಳೆ. ಊಟ ಮಾಡ್ತಾಳೆ. ಟೆನ್ಷನ್ ಆದ್ರೂ ಸಹಜವಾಗೇ ಆಗುತ್ತೆ. ನಾನೂ ಹಾಗೆ ಇರೋಕೆ ನೋಡಿದೆ ಅಕ್ಕ. ಹತ್ತೂವರೆಗೆ ಕಣ್ಮುಚ್ಚಿ ಮಲ್ಗಿ ಬೆಳಗಿನ ಐದಕ್ಕೇ ಏಳ್ತಿದ್ದೆ, ಲೆಕ್ಕ ಸರಿಹೋಗ್ಲಿ ಅಂತ. ನಿದ್ದೆ ಮಾತ್ರ ಬರ್ತಿರ್ಲಿಲ್ಲ." ಪಟ್ಟಿಯ ಅಂಚನ್ನು ಒತ್ತಿ ಕೂರಿಸಿದಳು. "ನಾಲ್ಕನೇ ವಾರ ನಂಗೊಬ್ಳು ಗೆಳತಿ ಸಿಕ್ಕಿದಾಳೆ ಅಂತ ಬರೆದಿದ್ರಲ್ಲ, ಲೈಬ್ರರೀಲಿ. ಸುಮ್ನೆ ಹೋಗಿ ಕೂರ್ತಿದ್ದೆ. ಅಕ್ಕ ಯಾರನ್ನೋ ನೋಡಿಯೇ ಬರೆದಿರ್ಬೇಕು, ನಂಗೇ ಗೊತ್ತಾಗಿಲ್ಲ ಅಂತ."

ಅವಳು ಮಂಚದ ಕಬ್ಬಿಣದ ಅಂಚನ್ನು ಹಿಡಿದುಕೊಂಡಳು. ಅಷ್ಟೂ ಹಾಳೆಗಳಲ್ಲಿ ಆ ಒಂದು ಸಾಲು ಬರೆಯುವಾಗ ಮಾತ್ರ ಅವಳಿಗೆ ಖುಷಿಯಾಗಿತ್ತು. ಕ್ಷಮಿಸು ಎನ್ನಬೇಕೆಂದುಕೊಂಡಳು, ಆದರೆ ಆ ಮಾತು ಕೂಡ ನೋಡದೆ ತುಂಬಿದ ಇನ್ನೊಂದು ಅಂಕಿಯ ಹಾಗೆ ಕೇಳಿಸೀತು ಎನ್ನಿಸಿತು. "ಇದೆಲ್ಲ ಸುಳ್ಳು ಅಂತ ಮೇಡಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು. ಹುಡುಗಿ ಅವಳನ್ನೇ ನೋಡಿ, "ನೀವೊಬ್ರೇ ಅಲ್ವಾ ಅಕ್ಕ ನಂಗೆ ಇದ್ದದ್ದು. ಕಂಪ್ಲೇಂಟ್ ಕೊಟ್ರೆ ಆಮೇಲೆ ನೀವು ಬರೋದೇ ಇಲ್ವೇನೋ ಅಂತ," ಎಂದಳು.

ಮೂರು ಗಂಟೆಗೆ ಡೀನ್ ಕೋಣೆಯಲ್ಲಿ ಫ್ಯಾನು ಟಕಟಕ ಎನ್ನುತ್ತಿತ್ತು. ಉದ್ದ ಮೇಜಿನ ಆಚೆ ಡೀನ್, ವರ್ಕ್‌ಶಾಪಿನ ಮೇಷ್ಟರು, ಸಲಹೆಗಾರ್ತಿ; ಈಚೆ ಹುಡುಗಿ ಮತ್ತು ಚಿಕ್ಕಮ್ಮ. ಅವಳಿಗೆ ಕೊನೆಯ ಕುರ್ಚಿ. ಅರ ಕಿತ್ತುಕೊಂಡಿದ್ದ ಅದೇ ಮೇಷ್ಟರು; ಅವರಿಗೆ ಅವಳ ನೆನಪಿದ್ದಂತಿರಲಿಲ್ಲ, ಐವತ್ತು ಜನರೆದುರಿಗೆ ಮಾಡಿದ್ದು ಮಾಡಿದವರಿಗೆ ಎಲ್ಲಿ ನೆನಪಿರುತ್ತದೆ. ಅವರು, ಹೆಣ್ಣುಮಕ್ಕಳ ಮೈಗೆ ಈ ಕೆಲಸ ಒಗ್ಗೋದು ಕಷ್ಟ, ನಾನು ಮೊದ್ಲಿಂದ ಹೇಳ್ತಾನೇ ಇದೀನಿ ಎಂದರು. ಡೀನ್ ಫೈಲು ತಿರುವಿ ಹಾಕುತ್ತ, ಎಂಟು ವಾರದ ದಾಖಲೆ ಇದೆ, ಎಲ್ಲೂ ಒಂದು ದೂರು ಇಲ್ಲ, ಇನ್ನು ನಾವು ಏನು ಮಾಡಬಹುದಿತ್ತು ಎಂದು ಚಿಕ್ಕಮ್ಮನನ್ನು ಕೇಳಿದರು. ಚಿಕ್ಕಮ್ಮ ಸೆರಗಿನಿಂದ ದಾರದ ಚೂರೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತ, "ಇನ್ನೊಂದು ಅವಕಾಶ ಕೊಡಿ ಸಾರ್. ಹೋದ್ರೆ ಇವಳ ಕತೆ ಮುಗೀತು," ಎಂದರು. ಹುಡುಗಿ ಮೇಜನ್ನೇ ನೋಡುತ್ತಿದ್ದಳು. ಸಲಹೆಗಾರ್ತಿ ಕೊನೆಯ ಕುರ್ಚಿಯಲ್ಲಿದ್ದ ಅವಳ ಕಡೆ ತಿರುಗಿ, ಹೇಳಮ್ಮ ಎಂಬಂತೆ ತಲೆಯಾಡಿಸಿದರು.

"ನಾನು ನೋಡಿಲ್ಲ ಸರ್," ಎಂದಳು ಅವಳು.

"ಏನು ನೋಡಿಲ್ಲ?"

"ಇವಳನ್ನ. ಮೊದಲ್ನೇ ವಾರ ಒಂದ್ಸಲ ಹೋಗಿದ್ದೆ. ಆಮೇಲಿನ ಏಳು ಹಾಳೆ ನನ್ನ ರೂಮಲ್ಲೇ ಕೂತು ಬರೆದಿದ್ದು. ನಿದ್ದೆ, ಊಟ, ಗೆಳತಿ ಎಲ್ಲಾ ನಾನೇ ಹಾಕಿದ್ದು. ಇವಳು ಏನೂ ಮುಚ್ಚಿಟ್ಟಿಲ್ಲ. ಕೇಳಿದವರೇ ಇಲ್ಲ." ಧ್ವನಿ ಎಲ್ಲೋ ದೂರದಿಂದ ಬರುತ್ತಿತ್ತು. "ವರ್ಕ್‌ಶಾಪ್ ದಿನ ನೀರು ಕುಡೀಬೇಡ ಅಂತ ಹೇಳಿದ್ದೂ ನಾನೇ. ಅಲ್ಲಿ ಟಾಯ್ಲೆಟ್ ಇಲ್ಲ. ನಾವ್ಯಾರೂ ಕುಡಿಯಲ್ಲ ಸರ್."

ಫ್ಯಾನಿನ ಟಕಟಕ ಜೋರಾಗಿ ಕೇಳಿಸಿತು. ಮೇಷ್ಟರು ಕೆಮ್ಮಿ ಕಿಟಕಿಯ ಕಡೆ ನೋಡಿದರು. ಸಲಹೆಗಾರ್ತಿಯ ಮುಖದ ಬಣ್ಣ ಇಳಿಯಿತು. ಅವರಿಗೆ ಬಂದದ್ದು ಸಿಟ್ಟಲ್ಲ, ಭಯ. ಒಂದು ತಿಂಗಳು ಬಿಟ್ಟು ಬಾ ಎಂದ ತಮ್ಮದೇ ಮಾತು ಅವರಿಗೆ ನೆನಪಾಗಿರಬೇಕು. ಆದರೆ ಚಿಕ್ಕಮ್ಮ ನೋಡಿದ ನೋಟವನ್ನು ಎದುರಿಸುವುದು ಇವೆಲ್ಲಕ್ಕಿಂತ ಕಷ್ಟವಾಗಿತ್ತು. ಅದರಲ್ಲೂ ಸಿಟ್ಟಿರಲಿಲ್ಲ, ಮಧ್ಯಾಹ್ನ ಅವಳ ಕೈ ಹಿಡಿದಿದ್ದ ತಮ್ಮ ಕೈಗಳನ್ನು ಅವರು ಮಡಿಲಿಗೆ ಎಳೆದುಕೊಂಡರು, ಅಷ್ಟೇ. ಡೀನ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಹಾಗಾದರೆ ಈ ಫೈಲಿನ ಆಧಾರದ ಮೇಲೆ ಯಾರನ್ನೂ ಎಲ್ಲಿಗೂ ಕಳಿಸಲಿಕ್ಕೆ ಬರುವುದಿಲ್ಲ ಎಂದರು. ಹುಡುಗಿ ಇರಲಿ, ಡಾಕ್ಟರು ನೋಡಲಿ, ಮೇಡಂ ಇವತ್ತಿನಿಂದಲೇ ಕೂರಿಸಿ ಮಾತಾಡಲಿ. "ನಿನ್ನ ವಿಷಯ ಬೇರೆ ನೋಡ್ತೀನಿ," ಎಂದು ಅವಳಿಗೆ ಹೇಳಿ, "ಒಂಬತ್ತನೇ ವಾರದ್ದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಡಂ, ನೆಟ್ಟಗೆ ಕೇಳಿ ಬರೆಯೋರಿಗೆ," ಎಂದರು. ಅವಳು ಎದ್ದಳು. ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ.

"ಅಕ್ಕಾನೇ ಬರೀಲಿ ಸರ್," ಎಂದಳು ಹುಡುಗಿ.

ಎಲ್ಲರೂ ತಿರುಗಿದರು. ಹುಡುಗಿ ಮೇಜಿನಿಂದ ಕಣ್ಣೆತ್ತಿರಲಿಲ್ಲ. ಅದು ಕರುಣೆಯೋ, ಶಿಕ್ಷೆಯೋ, ಬರಿಯ ಹಟವೋ ಅವಳಿಗೆ ತಿಳಿಯಲಿಲ್ಲ. ಸಲಹೆಗಾರ್ತಿ ಹಾಳೆಯನ್ನು ಮೇಜಿನ ಮೇಲೆ ನೂಕಿದರು. ಅವಳು ಮತ್ತೆ ಕೂತು, ಪೆನ್ನು ತೆಗೆದು, ನಿದ್ದೆ ಎಂಬುದರ ಮುಂದೆ ನೋಡಿದಾಗ ಅಲ್ಲಿ ಆಗಲೇ ಆರು ಎಂದಿತ್ತು. ತನ್ನದೇ ಅಕ್ಷರ, ಶಾಯಿ ಇನ್ನೂ ಒದ್ದೆ. ಯಾವಾಗ ಬರೆಯಿತು ಈ ಕೈ? ಅದನ್ನು ಹೊಡೆದುಹಾಕಿ, ಪೆನ್ನನ್ನು ಕಾಗದದಿಂದ ದೂರ ಹಿಡಿದು, "ನಿದ್ದೆ ಎಷ್ಟು ಗಂಟೆ?" ಎಂದು ಕೇಳಿದಳು.

"ಎರಡು. ಕೆಲವು ದಿನ ಅದೂ ಇಲ್ಲ."

ಬರೆದಳು.

"ಊಟ?"

"ಬೆಳಿಗ್ಗೆ ಟೀ. ಮಧ್ಯಾಹ್ನ ಒಂದೆರಡು ತುತ್ತು. ಗಂಟಲಲ್ಲಿ ಇಳಿಯಲ್ಲ."

ಬರೆದಳು. ತರಗತಿ ಒಂದನ್ನೂ ತಪ್ಪಿಸಿರಲಿಲ್ಲ. ಗೆಳತಿಯರು ಎಂಬಲ್ಲಿ ಹುಡುಗಿ ಸ್ವಲ್ಪ ಯೋಚಿಸಿ, ಪಕ್ಕದ ಮಂಚದವಳು ಒಂದು ದಿನ ಬಕೆಟ್ ಕೊಟ್ಟಿದ್ದಳು, ಅದನ್ನ ಬರೀಬಹುದಾ ಎಂದು ಕೇಳಿದಳು. ಬರೀಬಹುದು ಎಂದು ಅದನ್ನೂ ಬರೆದಳು. ಪ್ರತಿ ಉತ್ತರಕ್ಕೂ ಕಾಯಬೇಕಾಗುತ್ತಿತ್ತು, ಡಯಲಿನ ಮುಳ್ಳು ನಡುಗಿ ನಿಲ್ಲುವವರೆಗೆ ಕಾದ ಹಾಗೆ. ಇಷ್ಟು ಹೊತ್ತು ಹಿಡಿಯುವ ಕೆಲಸ ಇದು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಕೊನೆಯ ಪ್ರಶ್ನೆ ಬಂತು. ಹಿಂದಿನ ಎಲ್ಲ ಹಾಳೆಗಳಲ್ಲೂ ಅಲ್ಲಿ ಇದ್ದಾರೆ ಎಂದು ಬರೆದು, ಯಾರು ಎಂಬಲ್ಲಿ ಅಕ್ಕ ಎಂದು ಬರೆದಿದ್ದಳು.

"ಕಷ್ಟ ಬಂದ್ರೆ ಹೇಳ್ಕೊಳ್ಳೋಕೆ ಯಾರಾದ್ರೂ ಇದಾರಾ?"

ಹುಡುಗಿ ಆಗ ತಲೆ ಎತ್ತಿದಳು. ಅಕ್ಕನ ಮುಖವನ್ನು ತುಂಬ ಹೊತ್ತು, ಯಾವ ಅವಸರವೂ ಇಲ್ಲದೆ, ನಿಜವಾಗಿಯೂ ಅಲ್ಲಿ ಏನಾದರೂ ಇದೆಯೇ ಎಂದು ಹುಡುಕುವವಳಂತೆ ನೋಡಿದಳು. ಇದಾರೆ ಅಂದುಬಿಡು ಎಂದು ಅವಳು ಒಳಗೇ ಬೇಡಿಕೊಂಡಳು.

"ಇಲ್ಲ ಅಕ್ಕ," ಎಂದಳು ಹುಡುಗಿ.

ಅವಳು ಇಲ್ಲ ಎಂದು ಬರೆದಳು.